ಕೊಬ್ಬರಿ ಒಡೆದ ಮೇಲೆ

ಒಂದು ಕೆಲಸ ಯಾವತ್ತು ಶುರುವಾಯಿತು ಎಂದು ಕೇಳಿದರೆ ತಟ್ಟನೆ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಯಾವತ್ತು ಮುಗಿಯಿತು ಎಂದು ಹೇಳುವವರನ್ನಂತೂ ನಂಬುವುದೇ ಇಲ್ಲ. ಹೀಗೆ ಹೇಳುವುದು ನನ್ನ ಹೊಟ್ಟೆಪಾಡಿಗೆ ಒಳ್ಳೆಯದಲ್ಲ. ನಾನು ದಬ್ಬೇಘಟ್ಟದ ಕಡೆಯ ನಮ್ಮೂರಿನಿಂದ ದಿನಾ ಬಸ್ಸು ಹತ್ತಿ ಹೋಗಿ, ಒಂದು ಪಾಲಿಟೆಕ್ನಿಕ್ಕಿನಲ್ಲಿ ಕೊನೆಯ ವರ್ಷದ ಹುಡುಗರಿಗೆ ಪ್ರಾಜೆಕ್ಟ್ ನಿರ್ವಹಣೆ ಎಂಬ ವಿಷಯ ಹೇಳಿಕೊಡುವ ಮೇಷ್ಟ್ರು. ಪ್ರಾಜೆಕ್ಟಿಗೆ ಒಂದು ಆರಂಭ ಇರುತ್ತದೆ, ಒಂದು ಮುಕ್ತಾಯ ಇರುತ್ತದೆ, ನಡುವಿನದನ್ನೆಲ್ಲ ಬಣ್ಣಬಣ್ಣದ ಪಟ್ಟಿಗಳಾಗಿ ಒಂದು ಚಾರ್ಟಿನ ಮೇಲೆ ಇಳಿಸಬಹುದು ಎಂದು ಬೋರ್ಡಿನ ಮುಂದೆ ನಿಂತು ವರ್ಷಗಟ್ಟಲೆ ಹೇಳಿದ್ದೇನೆ. ಹೇಳುವಾಗ ದನಿ ನಡುಗಿದ್ದಿಲ್ಲ. ಈಜು ಕಲಿಸುವವನು ನೀರಿಗೆ ಇಳಿದಿರಲೇಬೇಕು ಎಂಬ ನಿಯಮ ನಮ್ಮಲ್ಲಿ ಇಲ್ಲದ್ದರಿಂದ ನಾನು ಸ್ವತಃ ಯಾವ ಪ್ರಾಜೆಕ್ಟನ್ನೂ ನಡೆಸಿರಲಿಲ್ಲ. ಹಿತ್ತಿಲಿಗೆ ಒಂದು ಗೇಟು ಮಾಡಿಸಿದ್ದೊಂದು ಲೆಕ್ಕಕ್ಕೆ ಬರಬಹುದು. ಆ ಗೇಟು ಒಳಕ್ಕೂ ತೆರೆಯುವುದಿಲ್ಲ, ಹೊರಕ್ಕೂ ತೆರೆಯುವುದಿಲ್ಲ. ಎತ್ತಿ ಪಕ್ಕಕ್ಕಿಟ್ಟು ಹೋಗಬೇಕು, ಬಂದು ಮತ್ತೆ ಎತ್ತಿ ನಿಲ್ಲಿಸಬೇಕು.

ಈಗ ಹೇಳಹೊರಟಿರುವ ಪ್ರಾಜೆಕ್ಟು ಯಾವತ್ತು ಶುರುವಾಯಿತು ಎಂಬುದರ ಬಗ್ಗೆ ನಮ್ಮ ಮನೆಯಲ್ಲೇ ಒಮ್ಮತವಿಲ್ಲ. ನನ್ನ ಹೆಂಡತಿ ಗಿರಿಜಾ ಹೇಳುವ ಪ್ರಕಾರ, ಮಗಳು ಸುಮಾ ಹಾಸನದಿಂದ ಫೋನ್ ಮಾಡಿ ತಾನು ಬಸುರಿ ಎಂದು ತಿಳಿಸಿದ ದಿನ. ನನ್ನ ಪ್ರಕಾರ ನಾನು ಚಾರ್ಟು ಬರೆದ ದಿನ. ಗೋಡೆಯ ಆಚೆ ಬದಿಯಲ್ಲಿರುವ ನಮ್ಮಣ್ಣನ ಪ್ರಕಾರ ಅದು ಶುರುವೇ ಆಗಲಿಲ್ಲ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಣ್ಣನ ಮಾತಿಗೇ ಸಾಕ್ಷ್ಯ ಜಾಸ್ತಿ. ಒಂದಾದ ಮೇಲೆ ಒಂದು ನಡೆಯಿತು ಎಂಬಂತೆ ಹೇಳುತ್ತಾ ಹೋಗುತ್ತೇನೆ, ಓದುವವರಿಗೆ ಅನುಕೂಲವಾಗಲಿ ಎಂದು. ಆದದ್ದು ಹಾಗೆಯೇ ಎಂದು ಆಣೆ ಇಡಲಾರೆ. ನೆನಪಿಗೆ ಗುಡಿಸಿ ಸಾರಿಸಿ ರಂಗೋಲಿ ಬಿಡುವ ಚಟ ಇದೆ. ನನ್ನದಕ್ಕೆ ಸ್ವಲ್ಪ ಹೆಚ್ಚೇ ಇದೆ.

ವಿಷಯ ಇಷ್ಟು. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಗಿರಿಜಾಳ ಮಟ್ಟಿಗೆ ಬರೆದಿಟ್ಟ ಯಾವುದಕ್ಕಿಂತಲೂ ಇದು ಗಟ್ಟಿ. ಅಡ್ಡಿ ಒಂದೇ, ನಮ್ಮ ಬಚ್ಚಲು ಮನೆ. ಅದು ಹಿತ್ತಿಲಿನ ಆ ತುದಿಯಲ್ಲಿದೆ. ತೆಂಗಿನ ಮಟ್ಟೆ, ಕರಟ ಉರಿಸಿ ಹಂಡೆ ಕಾಯಿಸುವ ಒಳ್ಳೆಯ ಬಚ್ಚಲೇ, ಆದರೆ ಅಲ್ಲಿ ನೀರು ಹಾಕಿಸಿಕೊಂಡ ಬಾಣಂತಿ ಮನೆಯೊಳಕ್ಕೆ ಬರಬೇಕಾದರೆ ಇಡೀ ಹಿತ್ತಿಲನ್ನು ಗಾಳಿಗೆ ಎದುರಾಗಿ ದಾಟಿಕೊಂಡು ಬರಬೇಕು. ಬಾಣಂತಿಗೂ ಗಾಳಿಗೂ ಇರುವ ವೈರದ ಬಗ್ಗೆ ನಮ್ಮೂರಿನ ಹೆಂಗಸರಿಗೆ ಗೊತ್ತಿರುವಷ್ಟು ಯಾವ ಡಾಕ್ಟರಿಗೂ ಗೊತ್ತಿಲ್ಲ, ಕನಿಷ್ಠ ಹಾಗಂತ ಅವರಿಗೆ ಗೊತ್ತು. ಇತ್ತ ಹಾಸನದಲ್ಲಿ ನಮ್ಮ ಬೀಗಿತ್ತಿಯ ಮನೆಯಲ್ಲಿ ಮಲಗುವ ಕೋಣೆಗೆ ಅಂಟಿಕೊಂಡೇ ಬಚ್ಚಲು, ಅದರಲ್ಲಿ ಗೀಸರು, ಹಿಡಿದುಕೊಳ್ಳಲು ಗೋಡೆಗೆ ಒಂದು ಸ್ಟೀಲು ಸರಳು. ಬೀಗಿತ್ತಿ ಬಹಳ ಒಳ್ಳೆಯ ಹೆಂಗಸು. ಅದೇ ತೊಂದರೆ. 'ನಿಮಗೆ ಅಲ್ಲಿ ಕಷ್ಟ ಆಗೋದಾದ್ರೆ ಇಲ್ಲೇ ಇರ್ಲಿ ಬಿಡಿ, ನನಗೇನು ಭಾರವೇ' ಎಂದು ಆಕೆ ಪ್ರತಿ ಫೋನಿನಲ್ಲೂ ಮೆತ್ತಗೆ ಹೇಳುತ್ತಿದ್ದರು. ಪ್ರತಿ ಫೋನಿನ ನಂತರವೂ ಗಿರಿಜಾ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ತೊಳೆಯುತ್ತಿದ್ದಳು. ಕೆಟ್ಟ ಬೀಗಿತ್ತಿಯಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಒಳ್ಳೆಯತನದ ವಿರುದ್ಧ ಗೆಲ್ಲಲು ಒಂದು ಬಚ್ಚಲೇ ಬೇಕು.

ಹಾಗಾಗಿ ನಡುಕೋಣೆಗೆ ಅಂಟಿದಂತೆ ಒಂದು ಬಚ್ಚಲು ಕಟ್ಟಿಸುವುದೆಂದು ತೀರ್ಮಾನವಾಯಿತು. ನಡುಕೋಣೆಯ ಹಿಂದೆ ಹಳೆಯ ಮಂಕರಿ, ಮುರಿದ ಕುರ್ಚಿ, ನನ್ನ ಹಳೆಯ ಉತ್ತರಪತ್ರಿಕೆಗಳ ಗಂಟು ಇರುವ ಒಂದು ಇಕ್ಕಟ್ಟಿನ ಜಾಗ ಇದೆ. ನಡುವಿನ ಗೋಡೆಗೆ ಬಾಗಿಲು ಒಡೆದರೆ ಅದೇ ಬಚ್ಚಲಾಗುತ್ತದೆ. ನಾನು ಚಾರ್ಟು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಗೋಡೆ ಒಡೆಯುವುದು ನೀಲಿ ಪಟ್ಟಿ, ಪೈಪು ಹಸಿರು, ಟೈಲ್ಸು ಹಳದಿ, ಎಲ್ಲಕ್ಕೂ ಕೊನೆಯಲ್ಲಿ ಸುಮಾ ಬರುವುದು ಕೆಂಪು ಚುಕ್ಕಿ. ಗಿರಿಜಾ ಅದನ್ನು ಬಹಳ ಹೊತ್ತು ನೋಡಿದಳು. ಗಾರೆ ಕೆಲಸದವನು ಯಾವತ್ತು ಬರುತ್ತಾನೆ ಎಂದು ಕೇಳಿದಳು. ನಾನು ನೀಲಿ ಪಟ್ಟಿಯನ್ನು ತೋರಿಸಿದೆ. ಅದು ನೀವು ಬರೆದಿರೋದು, ಅವನು ಏನಂದ ಎಂದು ಕೇಳಿದಳು.

ಗಾರೆ ಕೆಲಸದ ಗಂಗಣ್ಣ ಬಂದು ನಡುಕೋಣೆಯ ಗೋಡೆಯನ್ನು ನೋಡಲಿಲ್ಲ. ತಲೆ ಎತ್ತಿ ಅಟ್ಟ ನೋಡಿದ. ಅಟ್ಟದ ತುಂಬ ಕಾಯಿ. ಈ ಅಟ್ಟದ ಬಗ್ಗೆ ನಮ್ಮ ಸೀಮೆಯಾಚೆ ಇರುವವರಿಗೆ ಎರಡು ಮಾತು ಹೇಳಬೇಕು. ನಮ್ಮಲ್ಲಿ ಬಲಿತ ತೆಂಗಿನಕಾಯನ್ನು ಸುಲಿಯದೆ, ಒಡೆಯದೆ, ಮಟ್ಟೆಸಮೇತ ಮನೆಯೊಳಗಿನ ಅಟ್ಟಕ್ಕೆ ಏರಿಸಿ ಸುಮಾರು ಒಂದು ವರ್ಷ ಬಿಟ್ಟುಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಡಿಸಿಕೊಂಡು ಒಂದು ಉಂಡೆಯಾಗುತ್ತದೆ. ಆಗ ಸುಲಿದು ಚಿಪ್ಪು ಒಡೆದರೆ ಕೊಬ್ಬರಿ. ಈ ಒಂದು ವರ್ಷ ನಾವು ಕಾಯಿಯ ಕೆಳಗೆ ಉಣ್ಣುತ್ತೇವೆ, ಮಲಗುತ್ತೇವೆ, ಮದುವೆ ಮಾತಾಡುತ್ತೇವೆ. ಬೇರೆ ಊರಿನವರು ಮೇಲೆ ನೋಡಿದರೆ ಫ್ಯಾನು ಕಾಣುತ್ತದೆ, ನಮಗೆ ವರ್ಷದ ಸಂಪಾದನೆ ಕಾಣುತ್ತದೆ. ಅದರಿಂದಾಗಿಯೋ ಏನೋ, ನಮ್ಮಲ್ಲಿ ಕಾಲ ಅಳೆಯುವ ಮಾತು ಒಂದೇ. ಮಗಳ ಮದುವೆ ಯಾವಾಗ ಎಂದರೆ ಕೊಬ್ಬರಿ ಒಡೆದ ಮೇಲೆ. ಬೈಕು ತಗೊಳ್ಳೋದು ಯಾವಾಗ, ಕೊಬ್ಬರಿ ಒಡೆದ ಮೇಲೆ. ನಮ್ಮ ಬೀದಿಯಲ್ಲಿ ಒಬ್ಬರು ಅಲ್ಲಾಡುವ ಹಲ್ಲನ್ನು ಕೀಳಿಸಿಕೊಳ್ಳುವುದನ್ನೂ ಕೊಬ್ಬರಿ ಒಡೆದ ಮೇಲಕ್ಕೆ ಮುಂದೂಡಿದ್ದರು. ಹಲ್ಲು ಕಾಯಲಿಲ್ಲ.

ಗಂಗಣ್ಣನೂ ಅದನ್ನೇ ಅಂದ. ಅಟ್ಟದ ತೊಲೆಗಳು ಕೂತಿರುವುದು ನಾನು ಒಡೆಸಬೇಕೆಂದಿರುವ ಗೋಡೆಯ ಮೇಲೆ. ಮೇಲೆ ಇಷ್ಟು ಭಾರ ಇರುವಾಗ ಅದನ್ನು ಮುಟ್ಟುವುದಿಲ್ಲ, ಕೊಬ್ಬರಿ ಒಡೆದ ಮೇಲೆ ಬರುತ್ತೇನೆ ಎಂದು ಹೇಳಿ ಕಾಫಿ ಕುಡಿದು ಹೋದ. ಪೈಪಿನವನಿಗೆ ಫೋನ್ ಮಾಡಿದರೆ ಅವನೂ ಕೊಬ್ಬರಿ ಒಡೆದ ಮೇಲೆ ಬರುತ್ತೇನೆಂದ. ಅದು ನಮ್ಮ ಕೊಬ್ಬರಿಯಲ್ಲ, ಅವನ ಮನೆಯದು. ನಾನು ಸಂತೋಷದಿಂದಲೇ ಚಾರ್ಟಿನಲ್ಲಿ ಒಂದು ಮೈಲಿಗಲ್ಲು ಬರೆದೆ: ಕೊಬ್ಬರಿ ಒಡೆಯುವುದು. ಮೈಲಿಗಲ್ಲು ಎಂದ ಮೇಲೆ ಅದು ಒಂದು ಜಾಗದಲ್ಲಿ ನೆಟ್ಟಿರುತ್ತದೆ ಎಂದು ನನ್ನ ಕಲ್ಪನೆ. ಇಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಮೈಲಿಗಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದರು.

ಇನ್ನೊಂದು ತೊಡಕೂ ಇತ್ತು. ನಮ್ಮ ನಡುಕೋಣೆಯ ಮೇಲಿದ್ದ ಕಾಯಿಗಳು ನನ್ನವಲ್ಲ, ಅಣ್ಣನವು. ನಾನೂ ಅಣ್ಣನೂ ಎಷ್ಟೋ ವರ್ಷಗಳ ಹಿಂದೆ ಪಾಲಾದೆವು. ಪಾಲಾದದ್ದು ಯಾಕೆ ಎಂಬುದಕ್ಕೆ ನನ್ನ ಬಳಿ ಒಂದು ಕಥೆ ಇದೆ, ಅಣ್ಣನ ಬಳಿ ಒಂದಿದೆ, ಎರಡರಲ್ಲೂ ಒಂದು ಎಮ್ಮೆ ಬರುತ್ತದೆ. ನನ್ನ ಕಥೆಯಲ್ಲಿ ಎಮ್ಮೆ ಅವನದು, ಅವನ ಕಥೆಯಲ್ಲಿ ಎಮ್ಮೆ ನನ್ನದು. ಅಂತೂ ಮನೆಯ ನಡುವೆ ಗೋಡೆ ಎದ್ದಿತು. ಆದರೆ ಅದು ಎದ್ದ ವರ್ಷ ಅಟ್ಟದ ತುಂಬ ಕಾಯಿ ಇತ್ತು, ಇಳಿಸಲು ಯಾರೂ ಒಪ್ಪಲಿಲ್ಲ, ಗೋಡೆಯನ್ನು ಅಟ್ಟಕ್ಕೆ ಒಂದು ಗೇಣು ಕೆಳಗೇ ನಿಲ್ಲಿಸಿದರು. ಕೊಬ್ಬರಿ ಒಡೆದ ಮೇಲೆ ಪೂರ್ತಿ ಮಾಡುವುದೆಂದು ಮಾತಾಗಿತ್ತು. ಆಮೇಲೆ ಎಷ್ಟು ಸಲ ಕೊಬ್ಬರಿ ಒಡೆದೆವೋ, ಗೋಡೆ ಮಾತ್ರ ಅಷ್ಟಕ್ಕೇ ನಿಂತಿದೆ. ಹೀಗಾಗಿ ನಮ್ಮ ಮನೆ ಪಾಲಾಗಿದೆ, ಅಟ್ಟ ಪಾಲಾಗಿಲ್ಲ. ಅವತ್ತು ಯಾವ ಮೂಲೆಯಲ್ಲಿ ಯಾರ ಕಾಯಿ ಇತ್ತೋ ಅದೇ ರೂಢಿಯಾಗಿ, ನನ್ನ ನಡುಕೋಣೆಯ ಮೇಲೆ ಅಣ್ಣನ ಕಾಯಿ, ಅಣ್ಣನ ಪಡಸಾಲೆಯ ಮೇಲೆ ನನ್ನ ಕಾಯಿ. ಒಬ್ಬರ ತಲೆಯ ಮೇಲೆ ಇನ್ನೊಬ್ಬರ ಬದುಕು ಇರುವುದರಿಂದಲೇ ನಾವು ಜೋರು ಜಗಳ ಆಡಿದವರಲ್ಲ.

ಅಣ್ಣನನ್ನು ಕೇಳಲು ಹೋದೆ. ಅವನು ಜಗಲಿಯ ಮೇಲೆ ಕೂತು ಗರಿಯಿಂದ ಪೊರಕೆ ಕಡ್ಡಿ ಸೀಳುತ್ತಿದ್ದ. ಕಾಯನ್ನು ಬೇರೆ ಕಡೆ ಸಾಗಿಸೋಣ ಎಂದೆ.

"ನೀರು ಇಂಗೋ ಕಾಯಿನ ಎತ್ತಿ ಇಳಿಸಿ ಮಾಡಿದ್ರೆ ಕೊಳೀತದೆ ಕಣ್ಲಾ," ಎಂದ.

"ಯಾರು ಹೇಳಿದ್ರಣ್ಣ?"

"ಯಾರ್ ಹೇಳ್ಬೇಕು? ಯಾವತ್ತಾದ್ರೂ ಯಾರಾದ್ರೂ ಎತ್ತಿ ಇಳಿಸಿದ್ದು ನೋಡಿದೀಯಾ?"

ಯಾರೂ ಮಾಡಿ ನೋಡಿಲ್ಲದ್ದರಿಂದ ಅದು ತಪ್ಪು ಎಂಬ ಈ ತರ್ಕವನ್ನು ನಾನು ಕಾಲೇಜಿನ ಮೀಟಿಂಗುಗಳಲ್ಲಿ ಸ್ವತಃ ಬಳಸಿದ್ದೇನೆ. ಆದರೂ ಅಣ್ಣ ಪೂರ್ತಿ ಬಾಗಿಲು ಹಾಕಲಿಲ್ಲ. ಕಾಯಿ ಗಿಟುಕು ಬಿಟ್ಟಿದ್ದರೆ, ಅಂದರೆ ಒಳಗೆ ತಿರುಳು ಬಿಡಿಸಿಕೊಂಡಿದ್ದರೆ, ನಾಳೆಯೇ ಒಡೆಸುತ್ತೇನೆ, ಸುಮಾ ನನಗೂ ಮಗಳೇ ಅಲ್ಲವೇ ಎಂದ.

ಬಿಡಿಸಿಕೊಂಡಿದೆಯೇ ಎಂದು ತಿಳಿಯಲು ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಬೇಕು. ಒಳಗೆ ಲೊಟಲೊಟ ಎಂದರೆ ಸಿದ್ಧ. ನಮ್ಮ ಕಡೆಯ ಗಂಡಸರು ಕಾಯಿ ಅಲ್ಲಾಡಿಸುವುದನ್ನು ನೋಡಬೇಕು. ಕಣ್ಣು ಅರ್ಧ ಮುಚ್ಚಿ, ತಲೆ ಸ್ವಲ್ಪ ಓರೆ ಮಾಡಿ, ಒಳಗಿನಿಂದ ಯಾರೋ ಗುಟ್ಟು ಹೇಳುತ್ತಿರುವ ಹಾಗೆ. ಈ ಅಭ್ಯಾಸ ಕೈಗೆ ಎಷ್ಟು ಹತ್ತಿದೆಯೆಂದರೆ ಮದುವೆ ಮನೆಯಲ್ಲಿ ಉಡುಗೊರೆಯ ಡಬ್ಬ ಕೊಟ್ಟರೂ ಮೊದಲು ಕಿವಿಗೇ ಹೋಗುತ್ತದೆ. ನಮ್ಮಪ್ಪ ಕಾಯಿ ಅಲ್ಲಾಡಿಸಿಯೇ ಮಳೆ ಬರುವ ದಿನ ಹೇಳುತ್ತಿದ್ದರು ಎಂದು ನಾನು ಅನೇಕರ ಮುಂದೆ ಹೇಳಿದ್ದೇನೆ. ಅಣ್ಣ ಹೇಳುತ್ತಾನೆ, ಅದು ನಮ್ಮಪ್ಪನಲ್ಲ, ಪಕ್ಕದ ಮನೆಯವರು, ಅವರು ಹೇಳಿದ ಮಳೆಯೂ ಬರುತ್ತಿರಲಿಲ್ಲ ಎಂದು. ಇರಬಹುದು.

ನಾನು ಏಣಿ ಹತ್ತಿದೆ. ಒಂದು ಕಾಯಿ ಅಲ್ಲಾಡಿಸಿದೆ, ಲೊಟಲೊಟ. ಇನ್ನೊಂದು, ಅದೂ ಲೊಟಲೊಟ. ಪಕ್ಕದ್ದೂ ಹಾಗೇ. ಎಲ್ಲವನ್ನೂ ಅಲ್ಲಾಡಿಸಬೇಕಾಗಿಲ್ಲ, ಒಂದು ಸಣ್ಣ ಮಾದರಿ ತೆಗೆದುಕೊಂಡರೆ ಇಡೀ ರಾಶಿಯ ಸ್ಥಿತಿ ತಿಳಿಯುತ್ತದೆ ಎಂಬುದು ನನ್ನ ಪಾಠದ ಮೂರನೆಯ ಅಧ್ಯಾಯ. ಕೆಳಗಿಳಿದು ಬಂದು ಅಣ್ಣನಿಗೆ ಹೇಳಿದೆ. ಅವನು ನನ್ನ ಕಿವಿಯನ್ನು ನಂಬುವವನಲ್ಲ, ತಾನೇ ಏಣಿ ಹತ್ತಿ, ಏಣಿಯ ಕೊನೆಯ ಮೆಟ್ಟಿಲ ಮೇಲೆ ನಿಂತು, ಕೈಗೆ ಸಿಕ್ಕ ಕಾಯಿಗಳನ್ನು ಅಲ್ಲಾಡಿಸಿ, ಆಶ್ಚರ್ಯದಿಂದ ಇಳಿದು ಬಂದ. ಈ ವರ್ಷ ಬಿಸಿಲು ಜಾಸ್ತಿ, ಬೇಗ ಬಿಟ್ಟಿರಬೇಕು ಎಂದ. ಕಾಯಿ ಸುಲಿಯುವ ತಂಡದ ಮೇಸ್ತ್ರಿ ನಾಗರಾಜು ಬಂದ. ಅವನೂ ಅದೇ ಮೆಟ್ಟಿಲ ಮೇಲೆ ನಿಂತು ಅವೇ ಕಾಯಿಗಳನ್ನು ಅಲ್ಲಾಡಿಸಿ, ಇನ್ನು ತಡ ಮಾಡಿದರೆ ಹುಳ ಬೀಳುತ್ತದೆ ಎಂದ. ಅವನ ತಂಡಕ್ಕೆ ಆ ವಾರ ಬೇರೆ ಕೆಲಸ ಇರಲಿಲ್ಲ. ಗಿರಿಜಾ ಅವತ್ತು ಹಾಸನಕ್ಕೆ ಫೋನ್ ಮಾಡಿ, ಬಚ್ಚಲು ಆಯಿತು ಅಂತಲೇ ತಿಳ್ಕೊಳ್ಳಿ ಎಂದು ಹೇಳಿದ್ದು ನನ್ನ ಕಿವಿಗೂ ಬಿತ್ತು. ಬೀಗಿತ್ತಿ ಬಹಳ ಸಂತೋಷಪಟ್ಟರಂತೆ.

ಒಡೆಯುವ ದಿನ ನಾನು ರಜೆ ಹಾಕಿದ್ದೆ. ಒಂದು ಕೆಲಸ ನಡೆಯುತ್ತಿರುವಾಗಲೇ ಇನ್ನೊಂದನ್ನು ಜೊತೆಗೆ ನಡೆಸಿದರೆ ಸಮಯ ಉಳಿಯುತ್ತದೆ ಎಂಬುದು ಐದನೆಯ ಅಧ್ಯಾಯ. ಆದ್ದರಿಂದ ಇಬ್ಬರು ಮೇಲಿಂದ ಕಾಯಿ ಕೆಳಕ್ಕೆ ಎಸೆಯುತ್ತಾ, ಅಂಗಳದಲ್ಲಿ ನೆಲಕ್ಕೆ ನೆಟ್ಟ ಹಾರೆಗಳಿಗೆ ಕುಕ್ಕಿ ನಾಲ್ಕೈದು ಜನ ಮಟ್ಟೆ ಸುಲಿಯುತ್ತಾ ಇರುವಾಗ, ಖಾಲಿಯಾದಷ್ಟು ಅಟ್ಟಕ್ಕೆ ಹಾಸಿದ್ದ ಅಡಕೆ ದಬ್ಬೆಗಳನ್ನೂ ಕಿತ್ತುಬಿಡಿ ಎಂದು ಹೇಳಿದೆ. ಅವರು ಕಿತ್ತರು. ನಾನು ಹೇಳಿದ್ದನ್ನು ಅಷ್ಟು ಚುರುಕಾಗಿ ಯಾರಾದರೂ ಮಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಮಧ್ಯಾಹ್ನದ ಹೊತ್ತಿಗೆ ನಡುಕೋಣೆಯ ಮೇಲೆ ಬರೀ ತೊಲೆಗಳು, ಅದರ ಮೇಲೆ ಹೆಂಚು. ಕೋಣೆಗೆ ಕಂಡರಿಯದ ಬೆಳಕು ಬಂತು. ಊಟ ಮುಗಿಸಿ ಬಂದು, ಸುಲಿದ ರಾಶಿಯನ್ನು ಒಡೆಯಲು ಕೂತರು. ಮೊದಲ ಕೆಲವು ಚೆನ್ನಾಗಿಯೇ ಉಂಡೆಯಾಗಿ ಹೊರಬಿದ್ದವು. ಆಮೇಲೆ ನಾಗರಾಜು ಒಂದನ್ನು ಒಡೆದ, ಮತ್ತೊಂದನ್ನು ಒಡೆದ, ಮಚ್ಚು ಕೆಳಗಿಟ್ಟು ಕೈಯನ್ನು ಪಂಚೆಗೆ ಒರೆಸಿಕೊಂಡ. ತಿರುಳು ಚಿಪ್ಪಿಗೆ ಅಂಟಿಕೊಂಡೇ ಇತ್ತು. ಒಳಗೆ ನೀರು ಕೂಡ ಇತ್ತು.

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, 'ಏಣಿ ಬಾಯಲ್ಲಿದ್ದ ಕಾಯಿನ ಅಲ್ಲಾಡ್ಸಿ ನೋಡಿ ಒಡ್ಸಿದ್ರಾ' ಎಂದು ಕೇಳಿದರು. ಹೌದು ಎಂದ ಅಣ್ಣ.

"ಅವು ಹೋದ್ ವರ್ಷದವು. ಅಡುಗೆಗೆ ಅಂತ ನಾನು ಕೈಗೆ ಸಿಗೋ ಹಂಗೆ ಮುಂದುಕ್ಕೆ ಇಟ್ಕೊಂಡಿದ್ದೆ."

"ಹೇಳ್ಬಾರ್ದಾಗಿತ್ತಾ?"

"ನೀವು ಮೂರ್ ಜನ ಒಬ್ಬರಾದ ಮ್ಯಾಲೆ ಒಬ್ರು ಹತ್ತಿ, ಕಣ್ ಮುಚ್ಕೊಂಡು ಕೇಳಿಸ್ಕೊತಿದ್ರಿ. ನಾನ್ಯಾಕೆ ಅಡ್ಡ ಬರ್ಲಿ ಅಂತ ಸುಮ್ಕಿದ್ದೆ."

ಅತ್ತಿಗೆಗೂ ಸುಲಿಯುವ ತನಕ ಅನುಮಾನ ಬಂದಿರಲಿಲ್ಲ ಎಂದು ಈಗ ನನಗೆ ಅನ್ನಿಸುತ್ತದೆ. ಬಂದಿತ್ತು ಎಂದು ಆಕೆ ಹೇಳುತ್ತಾರೆ. ಅವರ ನೆನಪೂ ನನ್ನದರ ಹಾಗೆಯೇ ರಂಗೋಲಿ ಬಿಡುತ್ತದೆ ಎಂಬುದರಲ್ಲಿ ನನಗೊಂದು ಸಣ್ಣ ಸಮಾಧಾನ ಇದೆ.

ಈಗ ಲೆಕ್ಕ ಹೀಗಾಯಿತು. ಅಣ್ಣನ ಅರ್ಧಂಬರ್ಧ ಒಣಗಿದ ಕಾಯಿಗಳು ಮಟ್ಟೆ ಕಳಚಿಕೊಂಡು ಅಂಗಳದಲ್ಲಿ ಬಿದ್ದಿವೆ. ಅಟ್ಟಕ್ಕೆ ವಾಪಸ್ಸು ಏರಿಸಲು ಅಟ್ಟ ಇಲ್ಲ. ಅಣ್ಣ ಸಿಟ್ಟಾಗುತ್ತಾನೆ ಎಂದು ಕಾದೆ. ಅವನು ಸಿಟ್ಟಾಗಲಿಲ್ಲ, ತಾನೂ ಏಣಿ ಹತ್ತಿದ್ದು ಅವನಿಗೆ ನೆನಪಿತ್ತು. ಬಿಸಿಲಿಗೆ ಹಾಕಿದರೆ ಚಿಪ್ಪು ಸೀಳುತ್ತದೆ, ಥಂಡಿ ತಗಲಿದರೆ ಬೂಷ್ಟು ಹಿಡಿಯುತ್ತದೆ, ಬೆಚ್ಚಗಿರುವ, ನೆರಳಿನ, ನೇರ ಗಾಳಿ ಬಡಿಯದ ಒಂದು ಕೋಣೆ ಬೇಕು ಎಂದ. ನಾನು ಕೇಳುತ್ತಾ ಇದ್ದೆ. ಬಾಣಂತಿಗೆ ಎಂಥ ಕೋಣೆ ಬೇಕು ಎಂದು ಗಿರಿಜಾ ಹೇಳಿದ್ದಳೋ ಅಕ್ಷರಶಃ ಅದೇ ಕೋಣೆ. ಆ ಮನೆ ಈ ಮನೆ ಎರಡರಲ್ಲೂ ಹುಡುಕಿದರೆ ಅಂಥದ್ದು ಒಂದೇ ಇತ್ತು. ಸಂಜೆಯೊಳಗೆ ನಡುಕೋಣೆ ಸೊಂಟದ ಮಟ್ಟಕ್ಕೆ ತೆಂಗಿನಕಾಯಿಯಿಂದ ತುಂಬಿತು. ಮೇಲಿದ್ದದ್ದು ಕೆಳಗಿಳಿಯಿತು, ಅಷ್ಟೇ. ಗಂಗಣ್ಣನಿಗೆ ಫೋನ್ ಮಾಡಿ ಅಟ್ಟ ಖಾಲಿಯಾಗಿದೆ ಎಂದೆ. ಕೊಬ್ಬರಿ ಒಡೆದಾಯಿತೇ ಎಂದು ಕೇಳಿದ. ಇಲ್ಲ ಎಂದೆ. ಹಾಗಾದರೆ ಒಡೆದ ಮೇಲೆ ಹೇಳಿ ಮೇಷ್ಟ್ರೇ ಎಂದು ಫೋನ್ ಇಟ್ಟ. ಗಿರಿಜಾ ಅಡುಗೆಮನೆಯ ಬಾಗಿಲಿನಿಂದ ಚಾರ್ಟನ್ನು ತೆಗೆದು, ಮಡಿಚಿ, ಮೇಜಿನ ಮೇಲೆ ನನ್ನ ಮುಂದೆ ಇಟ್ಟಳು. ಹರಿದಿದ್ದರೆ ನನಗೆ ಹಗುರವಾಗುತ್ತಿತ್ತು.

ದಿನಗಳು ಹೋದವು. ಎಷ್ಟು ದಿನ ಎಂದು ಹೇಳಲಾರೆ, ಸುಮಾಳ ಹೊಟ್ಟೆ ಫೋಟೋದಲ್ಲಿ ಸೀರೆಯನ್ನು ಮೀರಿ ಕಾಣುವಷ್ಟು. ಒಂದು ಸಂಜೆ ಹಾಸನದಿಂದ ಫೋನ್ ಬಂತು. ಗಿರಿಜಾ ನಡುಕೋಣೆಯ ಹೊಸ್ತಿಲ ಮೇಲೆ ಕಾಯಿಗಳ ಕಡೆ ಮುಖ ಮಾಡಿ ಕೂತು ಮಾತಾಡಿದಳು. ನಾನು ಹೊರಗೆ ಪೇಪರು ಓದುತ್ತಿರುವಂತೆ ಕೂತಿದ್ದೆ. ಬಚ್ಚಲಾಗಿಲ್ಲ ಎಂದು ಅವಳು ಹೇಳಿದಳು. ಬೀಗಿತ್ತಿ ಏನೋ ಮೆತ್ತಗೆ ಹೇಳಿದರು. ಆಮೇಲೆ ಗಿರಿಜಾಳ ದನಿ ಸಣ್ಣದಾಯಿತು. ಆಗಲಿ, ಅಲ್ಲೇ ಇರಲಿ, ನಾನೇ ಬಂದು ಹೋಗಿ ಮಾಡ್ತೀನಿ ಎಂದಳು. ಫೋನ್ ಇಟ್ಟ ಮೇಲೂ ಎದ್ದು ಬರಲಿಲ್ಲ. ಪಾತ್ರೆ ತೊಳೆಯುವ ಸದ್ದೂ ಬರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು, ಇದು ನಾನು ಲೆಕ್ಕ ಹಾಕಿದ್ದಲ್ಲ. ಆ ಗೋಡೆ ಅಟ್ಟಕ್ಕೆ ಒಂದು ಗೇಣು ಕೆಳಗೆ ನಿಂತಿತ್ತಲ್ಲ, ಇಷ್ಟು ವರ್ಷ ಆ ಸಂದನ್ನು ಭಾರಕ್ಕೆ ಕೆಳಕ್ಕೆ ಜಗ್ಗಿದ ದಬ್ಬೆಗಳೂ ಅವುಗಳ ಮೇಲಿನ ಕಾಯಿಗಳೂ ಮುಚ್ಚಿದ್ದವು. ಮಟ್ಟೆಸಮೇತ ರಾಶಿ ಬಿದ್ದ ತೆಂಗಿನಕಾಯಿ ಸದ್ದನ್ನು ಹೀರಿಕೊಳ್ಳುವಷ್ಟು ಚೆನ್ನಾಗಿ ಹತ್ತಿಯೂ ಹೀರಿಕೊಳ್ಳುವುದಿಲ್ಲ. ಅಣ್ಣನ ಮನೆಯಲ್ಲಿ ಅವರು ಮಾತಾಡಿದ್ದು ನಮಗೆ, ನಮ್ಮದು ಅವರಿಗೆ ಕೇಳಿಸಿದ್ದೇ ಇಲ್ಲ. ನಾನು ದಬ್ಬೆ ಕೀಳಿಸಿದ ದಿನದಿಂದ ಎಲ್ಲ ಕೇಳುತ್ತಿತ್ತು. ಅಣ್ಣ ಕೆಮ್ಮಿದ್ದು, ಅತ್ತಿಗೆ ಟೀವಿಯವರನ್ನು ಬೈದದ್ದು, ನಾನು ಗೊರಕೆ ಹೊಡೆಯುತ್ತೇನೆ ಎಂಬುದು ಆಚೆ ಮನೆಗೆ ಸಾಬೀತಾದದ್ದು. ಆ ಸಂಜೆ ಗಿರಿಜಾ ಫೋನಿನಲ್ಲಿ ಹೇಳಿದ್ದೂ, ಆಮೇಲೆ ಹೇಳದೆ ಇದ್ದದ್ದೂ ಆಚೆ ಕೇಳಿಸಿತು.

ಗೋಡೆಯ ಮೇಲಿನಿಂದಲೇ ಅತ್ತಿಗೆಯ ದನಿ ಬಂತು.

"ಗಿರಿಜಾ, ಅಳ್ಬೇಡ ಕಣೇ. ನಮ್ ಬಚ್ಲು ಒಳಗೇ ಐತಲ್ಲ. ಪಡಸಾಲೆ ಕೋಣೆ ಖಾಲಿ ಐತೆ. ಸುಮಾನ ಕರ್ಕೊಂಡು ಬಾ ಇಲ್ಲಿಗೆ."

ಗಿರಿಜಾ, ಅದು ನಿಮ್ಮನೆ ಆಗುತ್ತದಲ್ಲ ಅಕ್ಕಾ, ತವರು ಅಂದರೆ ತಾಯಿಯ ಮನೆ ಅಂತಾರೆ ಹಾಸನದವರು ಎಂದಳು. ಆಚೆ ಅಣ್ಣ ಅತ್ತಿಗೆ ಏನೋ ಮಾತಾಡಿಕೊಂಡರು, ಅದೂ ಕೇಳಿಸಿತು, ಎಮ್ಮೆಯ ಪ್ರಸ್ತಾಪ ಇರಲಿಲ್ಲ. ಆಮೇಲೆ ಅಣ್ಣ ದನಿ ಎತ್ತಿದ. "ಲೋ, ಗಂಗಣ್ಣುಂಗೆ ನಾನು ಫೋನ್ ಮಾಡ್ತೀನಿ. ಈ ಗೋಡೆಗೆ ಒಂದು ಬಾಗ್ಲು ಒಡೆಸ್ಬುಡಾನ. ಬಾಗ್ಲಿದ್ರೆ ಒಂದೇ ಮನೆ ಅಲ್ವೇನ್ಲಾ. ನನ್ ಕಾಯಿನೂ ನಾನು ನೋಡ್ಕೋಬೋದು."

ಇದನ್ನು ಬರೆಯುವಾಗ ಅಣ್ಣ ಮೊದಲು ಮಗಳ ಬಗ್ಗೆ ಹೇಳಿದನೋ ಕಾಯಿಯ ಬಗ್ಗೆ ಹೇಳಿದನೋ ಎಂದು ಯೋಚಿಸಿದೆ. ಎರಡೂ ಹೇಳಿದ ಎಂಬುದು ಖಂಡಿತ. ಕ್ರಮ ಹೇಗಿತ್ತೋ, ನನಗೆ ಅನುಕೂಲವಾದ ಹಾಗೆ ಇಟ್ಟಿದ್ದೇನೆ.

ಗಂಗಣ್ಣ ಮಾರನೆಯ ಬೆಳಿಗ್ಗೆಯೇ ಬಂದ. ನನಗೆ ಆಶ್ಚರ್ಯವಾಯಿತು, ಕೊಬ್ಬರಿ ಇನ್ನೂ ಒಡೆದಿಲ್ಲವಲ್ಲ ಎಂದೆ. "ಕಟ್ಟೋದಾದ್ರೆ ಒಡೆದ ಮ್ಯಾಲೆ. ಕೆಡವಾಕೆ ಏನಂತೆ?" ಎಂದ. ಭಾಗದ ಗೋಡೆಯನ್ನು ಕೈಯಿಂದ ತಟ್ಟಿ ನೋಡಿದ. ಮೇಲೆ ನೋಡಿದ. "ಇದ್ರ ಮ್ಯಾಲೆ ಯಾವ ಭಾರಾನೂ ಇಲ್ಲ ಮೇಷ್ಟ್ರೇ. ಸುಮ್ನೆ ನಿಂತೈತೆ," ಎಂದ. ಮಧ್ಯಾಹ್ನದ ಊಟದ ಹೊತ್ತಿಗೆ ಬಾಗಿಲಿನ ಅಗಲದ ಕಿಂಡಿಯಾಗಿತ್ತು. ಗಿರಿಜಾ ಮತ್ತು ಅತ್ತಿಗೆ ಆ ಧೂಳಿನಲ್ಲೇ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಒಂದೆರಡು ಸಲ ಸುಮ್ಮನೆ ನಡೆದಾಡಿದರು. ನಾನೂ ಒಂದು ಸಲ ದಾಟಿದೆ, ತಲೆ ಬಡಿಸಿಕೊಂಡೆ.

ಸುಮಾ ಬಂದಳು. ಹೆಣ್ಣು ಮಗು. ಬಾಣಂತನ ಅಣ್ಣನ ಪಡಸಾಲೆಯ ಕೋಣೆಯಲ್ಲಿ, ನನ್ನ ತೆಂಗಿನಕಾಯಿಗಳ ಕೆಳಗೆ ನಡೆಯಿತು. ಗಿರಿಜಾ ಬೆಳಿಗ್ಗೆ ಎದ್ದು ಆಚೆ ಹೋದರೆ ಸಂಜೆಯ ತನಕ ಈಚೆ ಬರುತ್ತಿರಲಿಲ್ಲ, ಎರಡು ಅಡುಗೆಮನೆಗಳು ತಾವಾಗಿಯೇ ಒಂದಾದವು, ನನಗೆ ಊಟ ಆ ಕಿಂಡಿಯ ಮೂಲಕ ಬರುತ್ತಿತ್ತು. ನಡುಕೋಣೆಯಲ್ಲಿ ಕಾಯಿಗಳು ತಮ್ಮ ಪಾಡಿಗೆ ಒಣಗುತ್ತಿದ್ದವು. ಅರ್ಧ ಕೊಬ್ಬರಿಯಾಗಬಹುದು, ಇನ್ನರ್ಧ ಎಣ್ಣೆಗೆ ಎಂದು ಅಣ್ಣನ ಅಂದಾಜು. ಎತ್ತಿ ಇಳಿಸಿದರೆ ಕೊಳೆಯುತ್ತದೆ ಎಂದಿದ್ದೆಯಲ್ಲ ಎಂದು ನಾನು ಕೇಳಲಿಲ್ಲ, ಅವನೂ ಆ ಮಾತೆತ್ತಲಿಲ್ಲ. ಬಚ್ಚಲಾಗಬೇಕಿದ್ದ ಇಕ್ಕಟ್ಟಿನ ಜಾಗದಲ್ಲಿ ಮಂಕರಿಗಳೂ ಕುರ್ಚಿಯೂ ಉತ್ತರಪತ್ರಿಕೆಗಳೂ ಹಾಗೆಯೇ ಇವೆ.

ತೊಟ್ಟಿಲಿಗೆ ಹಾಕುವ ದಿನ ಬೀಗಿತ್ತಿ ಬಂದರು. ಮಗುವನ್ನು ನೋಡಿದರು, ಬಚ್ಚಲು ನೋಡಿದರು, ಆಮೇಲೆ ಆ ಬಾಗಿಲಿನ ನಡುವೆ ನಿಂತು ಎರಡೂ ಕಡೆ ಕಣ್ಣು ಹಾಯಿಸಿದರು. ಇಷ್ಟು ದೊಡ್ಡ ಮನೆ ಅಂತ ಗೊತ್ತೇ ಇರಲಿಲ್ಲ, ಬಹಳ ಚೆನ್ನಾಗಿ ಪ್ಲಾನ್ ಮಾಡಿದ್ದೀರಿ, ಇದು ಯಾರ ಯೋಚನೆ ಎಂದು ಕೇಳಿದರು. ಗಿರಿಜಾ ನನ್ನನ್ನು ನೋಡಿದಳು, ಅತ್ತಿಗೆ ತೊಟ್ಟಿಲನ್ನು ನೋಡಿದರು.

ಅಣ್ಣ ನನ್ನ ಕಡೆ ಗಲ್ಲ ಎತ್ತಿ ತೋರಿಸಿ, "ಇವ್ನೇ ಕಣಮ್ಮ. ಇವ್ನು ಕೈ ಹಾಕ್ದೆ ಇದ್ದಿದ್ರೆ ಆ ಗೋಡೆ ಇನ್ನೂ ಹಂಗೇ ಇರ್ತಿತ್ತು," ಎಂದ.

ನಾನು ಇಲ್ಲ ಎನ್ನಬಹುದಿತ್ತು. ಅಣ್ಣ ಹೇಳಿದ್ದರಲ್ಲಿ ಸುಳ್ಳು ಏನೂ ಇಲ್ಲವಲ್ಲ ಎಂದು ಸುಮ್ಮನಾದೆ. ಬೀಗಿತ್ತಿ ಮೆಚ್ಚುಗೆಯಿಂದ ತಲೆಯಾಡಿಸಿದರು, ನಾನು ಮೇಷ್ಟ್ರುಗಳು ಆಡಿಸುವ ಹಾಗೆ ಆಡಿಸಿದೆ.

ಮೊನ್ನೆ ತರಗತಿಯಲ್ಲಿ ಕೊನೆಯ ಅಧ್ಯಾಯ ಮಾಡುತ್ತಿದ್ದೆ. ಒಂದು ಉದಾಹರಣೆ ಕೊಡೋಣ ಎಂದು ಈ ಪ್ರಾಜೆಕ್ಟಿನ ಬಗ್ಗೆ ಹೇಳಲು ಹೊರಟೆ. ಮನೆಗೆ ಒಂದು ಬಾಗಿಲು ಬೇಕಾಗಿತ್ತು, ಅದಕ್ಕೆ ಮೊದಲು ಎರಡು ಕುಟುಂಬಗಳ ನಡುವಿನ ಸದ್ದಿನ ತಡೆಯನ್ನು ತೆಗೆಯಬೇಕಾಗಿತ್ತು, ಅದಕ್ಕಾಗಿಯೇ ಅಟ್ಟವನ್ನು ಹಂತಹಂತವಾಗಿ ಖಾಲಿ ಮಾಡಿಸಿದೆ, ಕೆಲಸ ಅಂದುಕೊಂಡ ಸಮಯಕ್ಕೆ ಮುಗಿಯಿತು ಎಂದು ಯಾರೋ ಬಹಳ ಸ್ಪಷ್ಟವಾಗಿ, ಎಲ್ಲೂ ತಡವರಿಸದೆ ವಿವರಿಸುತ್ತಿರುವುದು ನನಗೆ ಕೇಳಿಸಿತು. ದನಿ ನನ್ನದೇ ಆಗಿತ್ತು. ತಿದ್ದೋಣ ಎಂದು ತಿರುಗಿ ನೋಡಿದೆ. ಹುಡುಗರು ಆಗಲೇ ಬರೆದುಕೊಂಡು, ಅಡಿಗೆರೆ ಹಾಕುತ್ತಿದ್ದರು.